ಬೆರಳು ಹಚ್ಚಬ್ಯಾಡ್ರಿ ಎಂದ ಕಲಾಯಿ ಕಾಕಾ

ನನ್ನ ಕೈ ಮೇಲೆ ಹೊಡೆದವರು ಈ ಲೋಕದಲ್ಲಿ ಇಬ್ಬರೇ. ಒಬ್ಬಳು ನನ್ನ ಅವ್ವ, ದೇವರಿಗೆ ಎಡೆ ಹಿಡಿಯುವ ಮೊದಲೇ ಹೋಳಿಗೆ ಮುರಿದದ್ದಕ್ಕೆ. ಇನ್ನೊಬ್ಬರು ಗಜೇಂದ್ರಗಡದ ಒಬ್ಬ ಕಲಾಯಿಗಾರರು. ಅವ್ವ ಹೊಡೆದಾಗ ನನಗೆ ಆರು ವರ್ಷ. ಕಲಾಯಿಗಾರರು ಹೊಡೆದಾಗ ಮೂವತ್ತೊಂದು ತುಂಬಿತ್ತು. ಹೆಸರಿನ ಮುಂದೆ ಡಾಕ್ಟರ್ ಅಂತ ಇತ್ತು, ಮುಂಬಯಿಯಲ್ಲಿ ಶಸ್ತ್ರಚಿಕಿತ್ಸೆ ಕಲಿತು ಬಂದ ಸೊಕ್ಕು ಮೈತುಂಬ ಇತ್ತು. ಆಪರೇಶನ್ ಕೋಣೆಯ ಬಾಗಿಲಲ್ಲಿ, ಕಂಪೌಂಡರ್ ಕಣ್ಣೆದುರಿಗೇ, ಫಟ್ಟನೆ ಕೊಟ್ಟರು. "ಬೆರಳ ಹಚ್ಚಬ್ಯಾಡ್ರಿ ಅಂತ ಎಷ್ಟ ಸಲ ಹೇಳಬೇಕ್ರಿ ನಿಮಗ?" ಅಂದರು. ಮುಂಬಯಿಯ ಗುರುಗಳು ಕಲಿಸಿದ್ದರಲ್ಲಿ ಅರ್ಧ ಮರೆತಿದ್ದೇನೆ. ಈ ಏಟು ಮಾತ್ರ ಮರೆತಿಲ್ಲ.

ಅವರ ಹೆಸರು ನನಗೆ ಗೊತ್ತು, ಆದರೆ ಬರೆಯುವುದಿಲ್ಲ. ಬರೆಯಬೇಡಿರೆಂದು ಅವರೇ ಹೇಳಿದ್ದರು. ಯಾಕೆಂದು ಮುಂದೆ ಹೇಳುತ್ತೇನೆ. ಊರವರಿಗೆಲ್ಲ ಅವರು ಕಲಾಯಿ ಕಾಕಾ, ನನಗೂ ಅಷ್ಟೇ.

ಐವತ್ತರ ದಶಕದ ನಡುವಿನ ಮಾತು. ನಾವು ಆಗಿನ್ನೂ ಮುಂಬಯಿ ರಾಜ್ಯದವರು. ಮನೆಮನೆಯಲ್ಲಿ ಹಿತ್ತಾಳೆ ತಾಮ್ರದ ಪಾತ್ರೆಗಳು. ಒಳಗಿನ ಕಲಾಯಿ, ಅಂದರೆ ತವರದ ಲೇಪ, ಹೋದರೆ ಮಜ್ಜಿಗೆ, ಹುಳಿ ಎಲ್ಲ ಕಿಲುಬು. ಹೀಗಾಗಿ ಕಾಕಾನ ಕೂಗು ಓಣಿಗೆ ಬಿತ್ತೆಂದರೆ ಹೆಂಗಸರು ಕೈಯಲ್ಲಿನ ಕೆಲಸ ಬಿಟ್ಟು ಕೊಡಪಾನ ಹೊತ್ತು ಹೊರಗೆ ಬರುವವರು. ರೋಣದ ಸಂತೆ, ನರಗುಂದದ ಸಂತೆ, ನಡುವೆ ಶಿರೋಳ, ಪುರ್ತಗೇರಿ, ಮುಶಿಗೇರಿ, ಹೀಗೆ ತಿಂಗಳಿಗೊಂದು ಸುತ್ತು ಹೆಗಲ ಮೇಲೆ ಚರ್ಮದ ತಿದಿ ಹೊತ್ತು ನಡೆದೇ ಹೋಗುವ ಮನುಷ್ಯ. ಕುಳ್ಳ, ಗಟ್ಟಿ ಕಾಲು, ಹೊಗೆಗೆ ಕೆಂಪಾದ ಕಣ್ಣು, ಬಿಳಿ ಗಡ್ಡದಲ್ಲಿ ಒಂದೆರಡು ಕಡೆ ಕಿಡಿ ಹಾರಿ ಸುಟ್ಟ ಕಲೆ.

ಅವರ ಕೆಲಸ ನೋಡುವಂಥದು. ದೊಡ್ಡ ಹಂಡೆಯೊಳಗೆ ಉಸುಕು, ಹರಕು ಗೋಣಿತಟ್ಟು ಹಾಕಿ ಬರಿಗಾಲಲ್ಲಿ ಒಳಗೆ ಇಳಿಯುವರು. ಗೋಡೆಗೆ ಎರಡೂ ಕೈ ಊರಿ ಸೊಂಟ ತಿರುಗಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಗರಗರ ತಿರುಗುವರು. ಮಕ್ಕಳಿಗೆ ಅದು ಕುಣಿತ. ಕಾಕಾನಿಗೆ ಅದೇ ಅಸಲು ಕೆಲಸ. ಆಮೇಲಿನದು, ಅಂದರೆ ತಿದಿ ಊದಿ ಪಾತ್ರೆ ಕಾಸುವುದು, ನವಸಾಗರದ ಪುಡಿ ಉದುರಿಸಿ ಬಿಳಿ ಹೊಗೆ ಎಬ್ಬಿಸುವುದು, ತವರದ ಕಡ್ಡಿ ಮುಟ್ಟಿಸಿ ಅರಳೆಯಿಂದ ಒಂದೇ ಕೈಗೆ ಒರೆಸುವುದು, ಇದೆಲ್ಲ ಅವರ ಲೆಕ್ಕದಲ್ಲಿ ಮಂದಿಗೆ ತೋರಿಸುವ ಆಟ. "ತಿಕ್ಕೂದರಾಗ ಕಳ್ಳತನ ಮಾಡಿದ್ರ ಎಂಟ ದಿನಕ್ಕ ಕಿತ್ತು ಬರ್ತದರಿ" ಅನ್ನುವರು. ಕೆಲವು ಹೆಂಗಸರು ಕಲಾಯಿ ಆದ ಪಾತ್ರೆಯನ್ನು ಅಲ್ಲೇ ಉಗುರಿನಿಂದ ಕೆರೆದು ಪರೀಕ್ಷೆ ಮಾಡುತ್ತಿದ್ದರು. ಅದೊಂದಕ್ಕೆ ಮಾತ್ರ ಅವರಿಗೆ ಎಲ್ಲಿಲ್ಲದ ಸಿಟ್ಟು. "ಮದವಿ ಆದ ಮಗಳನ ಗಂಡನ ಮನಿಗೆ ಹೋಗಿ ಎಳದ ನೋಡತೀಯೇನವಾ, ಗಟ್ಟಿ ಕುಂತಾಳೋ ಇಲ್ಲೋ ಅಂತ?" ಎಂದು ಬೈಯುವರು. ಹೆಂಗಸರು ನಗುವರು, ಮುಂದಿನ ಸಲ ಮತ್ತೆ ಕೆರೆಯುವರು.

ನಮ್ಮದು ಎಂಟು ಹಾಸಿಗೆಯ ಸಣ್ಣ ದವಾಖಾನೆ. ಊರ ಹಿರಿಯರು ಸೇರಿ ಕಟ್ಟಿಸಿದ್ದು. ಕಿಟಕಿ ಬೆಳಕಿನಲ್ಲಿ ಆಪರೇಶನ್, ಎಕ್ಸರೇ ಬೇಕಾದರೆ ಬಸ್ಸು ಹತ್ತಿ ಗದಗಕ್ಕೆ. ನಾನು ಬಂದ ಮೇಲೆ ಮುರಿದ ಎಲುಬಿಗೆ ಉಕ್ಕಿನ ಪಟ್ಟಿ ಕೂರಿಸಿ ಸ್ಕ್ರೂ ಬಿಗಿಯುವ ಆಪರೇಶನ್ ಶುರುಮಾಡಿದೆ. ಸುತ್ತಲಿನ ಹಳ್ಳಿಗಳಿಗೆ ಅದು ಹೊಸದು. "ಡಾಕ್ಟರು ಎಲಬಿಗೆ ಬಾಗಲದಂಗ ಪಟ್ಟಿ ಬಡೀತಾರಂತ" ಎಂದು ಜನ ಬಂದು ಬಂದು ನನ್ನ ಮುಖ ನೋಡಿ ಹೋಗುತ್ತಿದ್ದರು. ನಾನೂ ಉಬ್ಬಿದ್ದೆ, ಸುಳ್ಳೇಕೆ ಹೇಳಲಿ.

ಉಬ್ಬು ಇಳಿಸಿದವಳು ಶಂಕ್ರವ್ವ. ನೇಕಾರ ಓಣಿಯ ಹೆಣ್ಣುಮಗಳು, ಮೂವತ್ತೈದರ ಆಸುಪಾಸು. ಗಂಡನ ಕಣ್ಣು ಮಂದವಾಗಿ ಎಳೆ ಕಾಣದಾಗಿತ್ತು. ಮನೆಯ ಮಗ್ಗ ನಡೆಯುವುದು ಇವಳ ಕೈಕಾಲಿನ ಮೇಲೆ. ಆ ಮಗ್ಗ ಕುಣಿಮಗ್ಗ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು, ಕೆಳಗಿನ ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಿದ್ದರೆ ಮಾತ್ರ ಸೀರೆ ಮುಂದಕ್ಕೆ ಸಾಗುತ್ತದೆ. ಅವಳು ಬಾವಿಯ ಪಾವಟಿಗೆಯಲ್ಲಿ ಜಾರಿ ಬಲಗಾಲನ್ನು ಮೊಣಕಾಲಿನ ಕೆಳಗೆ ಮುರಿದುಕೊಂಡು ಬಂದಳು. ನಾನು ಪಟ್ಟಿ ಕೂರಿಸಿದೆ, ಆರು ಸ್ಕ್ರೂ ಬಿಗಿದೆ. ಚೆಂದ ಕೂತಿತ್ತು. ಏಳನೆಯ ವಾರಕ್ಕೆ ಸ್ಕ್ರೂಗಳು ಸಡಿಲಾದವು, ಕೀವು ತುಂಬಿತು, ಮುರಿದ ತುದಿಗಳು ಮತ್ತೆ ಅಲುಗಾಡಿದವು. ಬಿಚ್ಚಿ ನೋಡಿದರೆ ಸ್ಕ್ರೂಗಳು ಬೆರಳಲ್ಲಿ ಹಿಡಿದು ಎಳೆದರೆ ಬರುವಂತಿದ್ದವು. ಪಟ್ಟಿಯನ್ನೂ ಆರು ಸ್ಕ್ರೂಗಳನ್ನೂ ತೆಗೆದು ತಟ್ಟೆಯಲ್ಲಿ ಹಾಕಿದೆ.

ಕಾಲಿಗೆ ಪ್ಲಾಸ್ಟರ್ ಹಾಕಿ ಅವಳನ್ನು ವಾರ್ಡಿನಲ್ಲೇ ಇಟ್ಟುಕೊಂಡೆ. ಕೀವು ಆರಿ ಗಾಯ ಒಣಗಲು ತಿಂಗಳುಗಳೇ ಬೇಕು. ಒಂದು ದಿನ ಅವಳೇ ಕೇಳಿದಳು, "ಖರೇ ಹೇಳ್ರಿ ಸಾಹೇಬ್ರ, ನಾ ಮತ್ತ ಮಗ್ಗಕ್ಕ ಕೂಡತೀನೋ ಇಲ್ಲೋ?"

"ಇನ್ನೊಮ್ಮೆ ಪಟ್ಟಿ ಹಾಕಿ ನೋಡ್ತೀನಿ ಶಂಕ್ರವ್ವಾ. ಅದೂ ಸಡಿಲಾದ್ರ ಮೊಣಕಾಲ ಕೆಳಗ ಕಾಲು ತೆಗೀಬೇಕಾಗ್ತದ."

ಅವಳು ಅಳಲಿಲ್ಲ. ಬಲಗಾಲಿನ ಹೆಬ್ಬೆರಳನ್ನು ಪ್ಲಾಸ್ಟರಿನ ತುದಿಯಲ್ಲಿ ಮೇಲೆ ಕೆಳಗೆ ಆಡಿಸಿ ನೋಡಿಕೊಂಡಳು. ಆ ಬೆರಳಾಟ ನೋಡಿ ನನಗೆ ಅಂದು ಊಟ ಸೇರಲಿಲ್ಲ.

ಅದೇ ವಾರ ಕಾಕಾ ನಮ್ಮ ಅಡಿಗೆಮನೆಯ ಪಾತ್ರೆಗಳಿಗೆ ಕಲಾಯಿ ಹಾಕಲು ಬಂದರು. ಹಿತ್ತಲಲ್ಲಿ ಕುಣಿ ತೋಡಿ ತಿದಿ ಹೂಡಿದ್ದರು. ಕಂಪೌಂಡರ್ ಆ ಸ್ಕ್ರೂಗಳ ತಟ್ಟೆಯನ್ನು ತೊಳೆಯಲೆಂದು ನಲ್ಲಿಯ ಬಳಿ ಇಟ್ಟಿದ್ದ. ಕಾಕಾ ಇಕ್ಕಳದಿಂದ ಒಂದನ್ನು ಎತ್ತಿ ಬಿಸಿಲಿಗೆ ಹಿಡಿದರು. ನನ್ನ ಕಡೆ ತಿರುಗಿ ಕೇಳಿದರು.

"ಇದನ್ನ ಎಲಬಿನಾಗ ಹಾಕಿದ್ರೇನ್ರಿ?"

"ಹೌದು."

"ಇಷ್ಟ ಥಳಥಳ ಮಾಡಿ?"

"ಹಾಂಗೇ ಇರಬೇಕು ಕಾಕಾ, ಕನ್ನಡಿಯಂಗ" ಎಂದೆ ಬಿಗುವಿನಿಂದ.

"ಹಂಗಿದ್ರ ಅದೇನ ಹಿಡೀತದರಿ ನನ್ನ ತೆಲಿ?" ಎಂದು ನಕ್ಕರು. ನಕ್ಕದ್ದಕ್ಕೆ ನನಗೆ ಮೈಯೆಲ್ಲ ಉರಿಯಿತು. ನಿಮ್ಮ ಕೆಲಸ ನೀವು ನೋಡಿ ಎಂದು ಒಳಗೆ ಹೋದೆ. ಐದು ನಿಮಿಷಕ್ಕೆ ಹೊರಗೆ ಬಂದೆ. ಸಿಟ್ಟಿನಲ್ಲಿ ಬೈದ ಮೇಲೆ ಅದೇ ಜಾಗಕ್ಕೆ ಮರಳಿ ಹೋಗುವುದು ನನ್ನ ಹಳೇ ಚಟ.

ಕಾಕಾ ನನಗಾಗಿ ಕಾದವರಂತೆ ಎರಡು ಹಿತ್ತಾಳೆ ಬಟ್ಟಲು ಇಟ್ಟುಕೊಂಡು ಕೂತಿದ್ದರು. ಒಂದು ಅಡಿಗೆಯವಳು ಬೆಳಗಿದ್ದು, ಹೊಳೆಯುತ್ತಿತ್ತು. ಅದರೊಳಗೆ ನನ್ನ ಅಂಗೈ ಒಮ್ಮೆ ಸವರಲು ಹೇಳಿದರು. ಇನ್ನೊಂದನ್ನು ಅವರು ಉಸುಕಿನಿಂದ ತಿಕ್ಕಿದ್ದರು, ನೋಡಲು ಬೂದಿ ಬಣ್ಣ. ಎರಡನ್ನೂ ಕಾಸಿ ತವರ ಮುಟ್ಟಿಸಿದರು. ನನ್ನ ಬಟ್ಟಲಲ್ಲಿ ತವರ ಗುಂಡುಗುಂಡಾಗಿ ಉರುಳಾಡಿತು. ಅವರ ಬಟ್ಟಲಲ್ಲಿ ಅರಳೆಯ ಒಂದೇ ಒರೆತಕ್ಕೆ ಮೂಲೆಮೂಲೆಗೂ ಹರಡಿ ಕೂತಿತು.

"ಕಾಕಾ, ಅದು ತವರ, ಇದು ಎಲುಬು. ಎಲುಬಿಗೇನು ಕಲಾಯಿ ಹಚ್ತೀರೇನು?" ಎಂದೆ.

"ನಾ ಯಾಕ ಹಚ್ಚಲಿ? ಎಲಬ ಜೀವಂತ ಐತಿ, ತಾನ ಬೆಳಕೋತ ಬಂದು ಹತ್ತತದ. ಹತ್ತಾಕ ಅದಕ್ಕೊಂದು ಜಾಗಾ ಬೇಕೋ ಬ್ಯಾಡೋ? ನೀವು ಜಾರಗಲ್ಲು ಮಾಡಿ ಇಟ್ರ ಅದರೇನ ಮಾಡೀತು ಪಾಪ."

ನಾವು ಕಲಿತದ್ದು ಬೇರೆ. ಲೋಹ ನುಣುಪಾಗಿದ್ದಷ್ಟೂ ಮೈ ಅದನ್ನು ಗುರುತಿಸದೆ ಸುಮ್ಮನಿರುತ್ತದೆ, ಒರಟಾದರೆ ಉಕ್ಕು ತುಕ್ಕು ಹಿಡಿದು ಗಾಯ ಕೆಡುತ್ತದೆ ಎಂಬುದು ನಮ್ಮ ಪಾಠ. ನಾವು ಮೈಗೆ ತಿಳಿಯದಂತೆ ಲೋಹವನ್ನು ಬಚ್ಚಿಡಲು ನೋಡುತ್ತಿದ್ದೆವು. ಈ ಮನುಷ್ಯ ಮೈಗೆ ಹಿಡಿದುಕೊಳ್ಳಲು ಕೊಡಿರಿ ಅನ್ನುತ್ತಿದ್ದರು. ಇಂದು ಎಲುಬಿನ ಡಾಕ್ಟರುಗಳಿಗೆ ಈ ಮಾತು ಹೊಸದಲ್ಲ. ಅಂದು ನನಗೆ ಅದು ಹಿತ್ತಲ ಬೂದಿಯಲ್ಲಿ ಸಿಕ್ಕಿತು.

ಸಿಕ್ಕಿತೆಂದು ತಕ್ಷಣ ಶಂಕ್ರವ್ವನ ಕಾಲಿಗೆ ಹಚ್ಚುವಷ್ಟು ಹುಚ್ಚ ನಾನಲ್ಲ. ಮೊದಲು ನಮ್ಮಿಬ್ಬರಿಗೂ ಜಗಳ ಆಯಿತು. ಕಾಕಾ ನವಸಾಗರ ಹಾಕಬೇಕೆಂದರು. ಆ ಉಪ್ಪು ಉಕ್ಕನ್ನು ತಿನ್ನುತ್ತದೆ, ಸುತರಾಂ ಬೇಡವೆಂದೆ. "ನವಸಾಗರ ಇಲ್ದ ನಾ ನಲವತ್ತ ವರ್ಷದಾಗ ಒಂದ ಪಾತ್ರಿ ಮುಟ್ಟಿಲ್ಲ" ಎಂದು ಎದ್ದು ಹೋದವರು ಎಂಟು ದಿನ ಇತ್ತ ತಲೆ ಹಾಕಲಿಲ್ಲ. ಒಂಬತ್ತನೆಯ ದಿನ ಗಾಜಿನ ಬಾಟಲಿ ಹಿಡಿದು ಬಂದರು. ಅಕ್ಕಸಾಲಿಗರು ಬಂಗಾರದ ಪರೀಕ್ಷೆಗೆ ಇಟ್ಟುಕೊಳ್ಳುವ ತೇಜಾಬು, ನಮ್ಮ ನೈಟ್ರಿಕ್ ಆಮ್ಲ. ನಮ್ಮ ಸ್ಕ್ರೂಗಳ ಸ್ಟೇನ್‌ಲೆಸ್ ಉಕ್ಕಿಗೆ ಅದು ಸರಿಯಾದದ್ದೇ. ನನ್ನ ಪುಸ್ತಕವೂ ಅವರ ಬಾಟಲಿಯೂ ಮೊದಲ ಬಾರಿಗೆ ಒಂದೇ ಮಾತು ಹೇಳಿದವು.

ಕಾಕಾನ ಕ್ರಮ ಹೀಗಿತ್ತು. ಸ್ಕ್ರೂವನ್ನು ಬಟ್ಟೆ ಸುತ್ತಿ ಕಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಇಕ್ಕಳದಂತೆ ಹಿಡಿಯುವುದು. ಬಟ್ಟೆಯಲ್ಲಿ ಸೋಸಿದ ನುಣ್ಣನೆಯ ಉಸುಕನ್ನು ಹಸಿ ಸೆಣಬಿನ ದಾರಕ್ಕೆ ಮೆತ್ತಿ, ಆ ದಾರವನ್ನು ಸ್ಕ್ರೂವಿನ ಸುತ್ತುಗಳೊಳಗೆ ಎಳೆದೆಳೆದು ಹೊಳಪು ತೆಗೆಯುವುದು. ಆಮೇಲೆ ಸೋಡಾ ಹಾಕಿ ಕುದಿಸುವುದು, ತೇಜಾಬಿನಲ್ಲಿ ಅದ್ದುವುದು, ಮೂರು ಸಲ ಕುದಿನೀರು. ಕೊನೆಗೆ ಪರೀಕ್ಷೆ. ನೀರಲ್ಲಿ ಅದ್ದಿ ಎತ್ತಿದರೆ ನೀರು ಹನಿಹನಿಯಾಗಿ ನಿಲ್ಲಬಾರದು, ಒದ್ದೆ ಬಟ್ಟೆಯಂತೆ ಮೈತುಂಬ ಹರಡಿರಬೇಕು. ಹನಿ ನಿಂತರೆ ಎಲ್ಲೋ ಜಿಡ್ಡಿದೆ, ಮತ್ತೆ ಮೊದಲಿನಿಂದ. ಅಲ್ಲಿಂದಾಚೆಗೆ ಬರಿಗೈ ಮುಟ್ಟಕೂಡದು. ಅವರಿಗೆ ನನ್ನ ಔಷಧಗಳ ಮೇಲೆ ಅಷ್ಟು ಭರವಸೆ ಇರಲಿಲ್ಲ. ಆದರೆ ಆಪರೇಶನ್‌ಗೆ ಮೊದಲು ನಾನು ಮೊಣಕೈವರೆಗೆ ಬ್ರಶ್ಶು ಹಾಕಿ ತಿಕ್ಕಿಕೊಳ್ಳುವುದನ್ನು ಕಿಟಕಿಯಿಂದ ನೋಡಿ ಬಹಳ ಸಂತೋಷಪಟ್ಟಿದ್ದರು. "ನಮ್ಮ ಪೈಕಿನ ಅದೀರಿ ಬಿಡ್ರಿ" ಅಂದಿದ್ದರು.

ಪರೀಕ್ಷೆಗೆ ತಮ್ಮ ಮನೆಯ ಆಡನ್ನೇ ತಂದುಕೊಟ್ಟರು. ಅದಕ್ಕೆ ನೋವಾಗದಂತೆ ಸೂಜಿ ಚುಚ್ಚಿ ಮಾಡಬೇಕೆಂಬ ಕರಾರಿನ ಮೇಲೆ. ಹಿಂಗಾಲಿನ ಎಲುಬಿಗೆ ಎರಡು ಸ್ಕ್ರೂ ಹಾಕಿದೆ. ಒಂದು ಪೆಟ್ಟಿಗೆಯಿಂದ ಬಂದಂತೆ ಹೊಳೆಯುವುದು, ಒಂದು ಕಾಕಾನದು. ಎರಡೂವರೆ ತಿಂಗಳು ಆ ಆಡು ನಮ್ಮ ಹಿತ್ತಲ ಬೇವು ತಿಂದು, ಕಂಪೌಂಡರನ ಎರಡು ರಿಜಿಸ್ಟರ್ ತಿಂದು ಕೊಬ್ಬಿತು. ಬಿಚ್ಚಿದ ದಿನ ಹೊಳೆಯುವ ಸ್ಕ್ರೂ ಎರಡು ಸುತ್ತಿಗೆ ಸಲೀಸಾಗಿ ಬಂತು. ಕಾಕಾನದು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಬಲ ಹಾಕಿ ಹಾಕಿ ನನ್ನ ಹಣೆ ಬೆವರಿತು. ಕೊನೆಗೆ ಕಿರ್ರೆಂದು ಬಂದಾಗ ಅದರ ಸುತ್ತುಗಳ ತುಂಬ ಎಲುಬಿನ ಬಿಳಿ ಪುಡಿ ಜೋಳದ ಹಿಟ್ಟಿನಂತೆ ಕಚ್ಚಿಕೊಂಡಿತ್ತು. ನಾನು ಕೂಗಿಕೊಂಡೆ. ಕಾಕಾ ಸ್ಕ್ರೂ ನೋಡಲಿಲ್ಲ, ಆಡಿನ ತಲೆ ಸವರುತ್ತ "ಲಗೂನ ಪಟ್ಟಿ ಕಟ್ರಿ ಇದಕ್ಕ" ಎಂದರು.

ಅಂದು ರಾತ್ರಿಯೇ ಮುಂಬಯಿಯ ನನ್ನ ಗುರುಗಳಿಗೆ ಉದ್ದ ಕಾಗದ ಬರೆದೆ. ಉತ್ತರ ಎರಡೇ ಸಾಲು. ಲೋಹ ನುಣುಪಾಗಿರಬೇಕು, ಆಡಾಟ ಬಿಟ್ಟು ಕೆಲಸ ನೋಡು ಎಂದು. ಸಿಟ್ಟಿನಿಂದ ವೈದ್ಯರ ಪತ್ರಿಕೆಗೇ ಬರೆಯುತ್ತೇನೆ, ನಿಮ್ಮ ಹೆಸರು ಮೊದಲು ಹಾಕುತ್ತೇನೆ ಎಂದು ಕಾಕಾನಿಗೆ ಹೇಳಿದೆ. ಅವರು ಎರಡೂ ಕೈ ಮುಗಿದರು.

"ನನ್ನ ಹೆಸರ ಎಲ್ಲೂ ಬರೀಬ್ಯಾಡ್ರಿ ಸಾಹೇಬ್ರ. ಆಕಿ ಕಾಲ ಕೆಟ್ರ ಮಂದಿ ನನ್ನ ಹುಡಿಕ್ಕೋತ ಬರ್ತಾರ. ಚಲೋ ಆದ್ರೂ ಬರ್ತಾರ. ಎರಡೂ ನನಗ ತ್ರಾಸ."

ಮಾತು ಕೊಟ್ಟೆ. ಪತ್ರಿಕೆಗೆ ಬರೆಯಲೂ ಇಲ್ಲ. ಅದು ನನ್ನ ಸೋಮಾರಿತನ, ಅವರ ತಪ್ಪಲ್ಲ.

ಆಪರೇಶನ್ ಬನ್ನಿ ಹಬ್ಬದ ಮರುದಿನ ಎಂದು ಶಂಕ್ರವ್ವನೇ ಗೊತ್ತುಮಾಡಿದಳು. ಕಾಕಾ ಒಂದು ಪಟ್ಟಿ, ಆರು ಸ್ಕ್ರೂ ಸಿದ್ಧಮಾಡಿ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ಬಟ್ಟೆ ಕಟ್ಟಿ, ನರಗುಂದದ ಸಂತೆಗೆ ಹೋದರು. ನಾನು ಕೆಲಸದ ಮೇಲೆ ರೋಣಕ್ಕೆ ಹೋಗಿ ಒಂದು ದಿನ ಅಲ್ಲೇ ಉಳಿದೆ. ನಡುವೆ ಬಂದದ್ದು ಖಂಡೇ ಪೂಜೆ, ಅಂದರೆ ಆಯುಧಪೂಜೆ. ನೇಗಿಲು, ಲಾಳಿ, ತಕ್ಕಡಿ ಎಲ್ಲಕ್ಕೂ ಪೂಜೆ ನಡೆಯುವ ದಿನ ದವಾಖಾನೆಯ ಕತ್ತರಿ ಚಾಕುಗಳು ಸುಮ್ಮನೆ ಬಿದ್ದಿರುವುದುಂಟೇ? ಕಂಪೌಂಡರ್ ಪ್ರತಿ ವರ್ಷದಂತೆ ಎಲ್ಲ ತೊಳೆದು ಮಣೆಯ ಮೇಲೆ ಸಾಲಾಗಿ ಇಟ್ಟಿದ್ದಾನೆ. ಬನ್ನಿಯ ಸಂಜೆ ನಾನು ಬಸ್ಸಿಳಿದು ಬಂದು ನೋಡುತ್ತೇನೆ, ಚೆಂಡುಹೂವಿನ ನಡುವೆ ನನ್ನ ಆರು ಸ್ಕ್ರೂ, ಒಂದು ಪಟ್ಟಿ ಲಕಲಕ ಹೊಳೆಯುತ್ತಿವೆ. ಒಂದೊಂದರ ತಲೆಗೂ ಎಣ್ಣೆಯಲ್ಲಿ ಕಲಸಿದ ಕುಂಕುಮ.

"ಯಾರ ಮಾಡಿದ್ದಿದು!" ಎಂದು ನಾನು ಕಿರುಚಿದ್ದಕ್ಕೆ ವಾರ್ಡಿನ ಎಂಟೂ ಹಾಸಿಗೆ ಎದ್ದು ಕೂತವು.

"ನಾನ್ರಿ" ಎಂದಳು ಶಂಕ್ರವ್ವ, ಬಹುಮಾನ ನಿರೀಕ್ಷಿಸುವವಳಂತೆ. "ಜೀವಮಾನ ನನ್ನ ಕಾಲಾಗ ಇರೋ ಸಾಮಾನ್ರಿ. ಮಸಿ ಅರಿವಿ ಹಂಗ ಮಬ್ಬ ಇದ್ವು. ದೇವರ ಮುಂದ ಹಂಗ ಇಡಾಕ ಮನಸ ಬರಲಿಲ್ಲ. ಹುಣಸಿಹಣ್ಣು, ಇಟ್ಟಂಗಿ ಪುಡಿ ತರಿಸಿಕೊಂಡು ಕುಂತಲ್ಲೇ ಕುಂತು ಇಡೀ ದಿನಾ ತಿಕ್ಕೀನಿ. ಚಲೋ ಆಗ್ಯಾವಲ್ರಿ?"

ನನ್ನ ಬಾಯಿಂದ ಏನೇನು ಬಂತೋ ಬರೆಯುವಂತಿಲ್ಲ. ಅವಳ ಮುಖ ಸಣ್ಣದಾಯಿತು. ಏನೋ ಘೋರ ಆಗಿದೆ ಎಂಬುದಷ್ಟೇ ಅವಳಿಗೆ ತಿಳಿಯಿತು, ಏನೆಂದು ತಿಳಿಯಲಿಲ್ಲ.

ಬೆಳಗಾಯಿತು. ಅವಳು ಉಪವಾಸವಿದ್ದಳು, ಕಿಟಕಿಯ ಬೆಳಕು ಚೆನ್ನಾಗಿತ್ತು, ಎಲ್ಲ ಅಣಿಯಾಗಿತ್ತು. ನನ್ನ ತಲೆಯಲ್ಲಿ ಒಂದು ಕೆಟ್ಟ ಯೋಚನೆ ಸುಳಿಯಿತು. ಸುತ್ತುಗಳ ಆಳದಲ್ಲಿ ಇನ್ನೂ ಒರಟು ಉಳಿದೀತು, ಒಮ್ಮೆ ಕುದಿಸಿ ಹಾಕಿಬಿಟ್ಟರಾಯಿತು. ಕುದಿಸಿಯೂ ಬಿಟ್ಟೆ. ಅಷ್ಟರಲ್ಲಿ ನರಗುಂದದಿಂದ ಬಂದ ಕಾಕಾ ಬಾಗಿಲಲ್ಲಿ ನಿಂತಿದ್ದರು. ಕಂಪೌಂಡರ್ ಎಲ್ಲ ಒದರಿದ್ದ. ಅವರು ಇಕ್ಕಳದಿಂದ ಒಂದು ಸ್ಕ್ರೂ ನೀರಲ್ಲಿ ಅದ್ದಿ ಎತ್ತಿದರು. ಹನಿ ನಿಂತವು, ಕೆಸುವಿನೆಲೆಯ ಮೇಲಿನಂತೆ.

"ಒರಿಸಿದ್ರ ಹೋಗ್ತದ ಬಿಡ್ರಿ ಕಾಕಾ" ಎಂದು ನಾನು ಬೆರಳು ಚಾಚಿದೆ. ಆಗಲೇ ಬಿದ್ದದ್ದು ಆ ಏಟು.

ಕೈ ಚುರುಗುಟ್ಟಿತು, ತಲೆ ತಣ್ಣಗಾಯಿತು. ಅದು ಅವಳ ಕೊನೆಯ ಸರದಿ ಎಂಬುದನ್ನು ನನಗೆ ನೆನಪಿಸಲು ಒಬ್ಬ ಕಲಾಯಿಗಾರರು ಬೇಕಾದರಲ್ಲ ಎಂದು ನಾಚಿಕೆಯಾಯಿತು. ಆಪರೇಶನ್ ಮುಂದೂಡಿದೆ.

ಕಾಕಾ ವಾರ್ಡಿಗೆ ಹೋಗಿ ಶಂಕ್ರವ್ವನ ಹಾಸಿಗೆ ಪಕ್ಕ ನೆಲಕ್ಕೆ ಕೂತರು. ಅವಳು ಸೆರಗಲ್ಲಿ ಮುಖ ಮುಚ್ಚಿಕೊಂಡಿದ್ದಳು.

"ತಂಗೆವ್ವಾ, ಹಾಸಿನ ಎಳಿಗೆ ಗಂಜಿ ಯಾಕ ಹಚ್ತೀರಿ ನೀವು?"

"ಎಳಿ ಗಟ್ಟಿ ಆಗಬೇಕಲ್ರಿ ಕಾಕಾ. ಇಲ್ಲಾಂದ್ರ ಲಾಳಿ ಓಡಿದಂಗ ಹರೀತಾವ."

"ನೂಲಿಗೆ ಎಣ್ಣಿ ಚೆಲ್ಲಿತು ಅನ್ನು. ಆಗ ಗಂಜಿ ಹಿಡೀತದೇನು?"

"ಎಲ್ಲಿದು ಹಿಡೀತದ್ರಿ..." ಎಂದವಳು ಅಲ್ಲಿಗೇ ನಿಂತಳು. ಸೆರಗು ಸರಿಸಿ ಕಾಕಾನ ಮುಖ ನೋಡಿದಳು. ಹಣೆ ಬಡಿದುಕೊಂಡು "ಅಯ್ಯ ನನ್ನ ಶಿವನ, ನನ್ನ ಕಾಲು ನಾನ ಕಡಕೊಳ್ಳಾಕ ಹತ್ತಿದ್ನೆಲ್ಲೋ!" ಎಂದಳು. ನಾನು ಅರ್ಧ ತಾಸು ಚೀರಾಡಿ ತಿಳಿಸಲಾರದ್ದು ಅವಳಿಗೆ ತನ್ನ ಮಗ್ಗದ ಒಂದೇ ಮಾತಿನಲ್ಲಿ ತಿಳಿದಿತ್ತು.

ಕಾಕಾ ಎರಡು ದಿನ ನಮ್ಮ ಹಿತ್ತಲಲ್ಲೇ ಕೂತು ಎಲ್ಲವನ್ನೂ ಮೊದಲಿನಿಂದ ಮಾಡಿದರು. ಈ ಸಲ ಡಬ್ಬಿ ಶಂಕ್ರವ್ವನ ತಲೆದಿಂಬಿನ ಪಕ್ಕ ಇತ್ತು. ಯಾರು ಹತ್ತಿರ ಬಂದರೂ "ದೂರ ನಿಲ್ರಿ, ಅದು ಮಡಿ ಐತಿ" ಎಂದು ಗದರಿಸುವಳು. ಕಂಪೌಂಡರ್ ಧೂಳು ಒರೆಸಲು ಹೋಗಿ ಬೈಸಿಕೊಂಡ. ನಾನು ಹೋದರೂ ಮೊದಲು ನನ್ನ ಕೈ ನೋಡುವಳು.

ಮೂರನೆಯ ದಿನ ಆಪರೇಶನ್ ಆಯಿತು. ಒಂದೊಂದು ಸ್ಕ್ರೂ ಒಳಗೆ ಹೋಗುವಾಗಲೂ ಕೈಗೆ ಬೇರೆಯೇ ಬಿಗಿ ಗೊತ್ತಾಗುತ್ತಿತ್ತು. ಆರು ವಾರ ಹೋಯಿತು, ಏಳನೆಯದು ಬಂತು. ಕಳೆದ ಸಲ ಕೆಟ್ಟದ್ದು ಏಳನೆಯ ವಾರ. ನಾನು ದಿನಕ್ಕೆ ನಾಲ್ಕು ಸಲ ಗಾಯ ಮೂಸಿ ನೋಡುವವನಾದೆ. ಕೀವಿಲ್ಲ, ಜ್ವರವಿಲ್ಲ, ಅಲುಗಾಟವಿಲ್ಲ. ಹದಿಮೂರನೆಯ ವಾರ ಬಸ್ಸಿನಲ್ಲಿ ಗದಗಕ್ಕೆ ಕರೆದೊಯ್ದು ಎಕ್ಸರೇ ತೆಗೆಸಿದೆ. ಮುರಿದ ಜಾಗದಲ್ಲಿ ಎಲುಬು ಕೂಡಿತ್ತು. ಬರುವ ದಾರಿಯುದ್ದಕ್ಕೂ ಆ ಕರಿ ಹಾಳೆಯನ್ನು ಬಸ್ಸಿನ ಕಿಟಕಿಗೆ ಹಿಡಿದು ಪಕ್ಕದವರಿಗೆಲ್ಲ ತೋರಿಸಿದೆ. ಯಾರಿಗೂ ಏನೂ ತಿಳಿಯಲಿಲ್ಲ, ನನ್ನ ಖುಷಿ ನೋಡಿ ಒಬ್ಬರು ಶೇಂಗಾ ಕೊಟ್ಟರು.

ಅವಳು ಮಗ್ಗಕ್ಕೆ ಕೂತ ದಿನ ಕಾಕಾನನ್ನೂ ಕರೆದುಕೊಂಡು ಹೋದೆ. ಅವರು ಒಳಗೆ ಬರಲಿಲ್ಲ. ಓಣಿಯ ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿ ಮಗ್ಗದ ಸದ್ದು ಕೇಳಿದರು. ಎಡಗಾಲು, ಬಲಗಾಲು, ಎಡಗಾಲು, ಬಲಗಾಲು. ಬಹಳ ಹೊತ್ತಿನ ಮೇಲೆ "ಬಲಗಾಲಿಂದ ಸ್ವಲ್ಪ ಜೋರೇ ಬೀಳಾಕತ್ತೇತ್ರಿ" ಎಂದು ನಕ್ಕು ತಿದಿ ಹೊತ್ತು ಮುಶಿಗೇರಿ ದಾರಿ ಹಿಡಿದರು.

ಅಲ್ಲಿಂದ ಮುಂದೆ ನಮ್ಮ ದವಾಖಾನೆಯಲ್ಲಿ ಕಾಕಾನ ಕೈ ಮುಟ್ಟದ, ಅಂದರೆ ಅವರ ಇಕ್ಕಳ ಮುಟ್ಟದ ಸ್ಕ್ರೂ ಯಾರ ಎಲುಬಿಗೂ ಹೋಗಲಿಲ್ಲ. ಎಲ್ಲರದೂ ಗೆದ್ದಿತೆಂದು ಬಡಾಯಿ ಕೊಚ್ಚಲಾರೆ. ಬಹಳಷ್ಟು ಗೆದ್ದವು, ಅದನ್ನು ತಲೆಯೆತ್ತಿ ಹೇಳಬಲ್ಲೆ.

ಒಂದೂವರೆ ವರ್ಷಕ್ಕೆ ನನಗೆ ಮತ್ತೆ ಬುದ್ಧಿ ಕೆಟ್ಟಿತು. ಎಲುಬು ಕೂಡಿದ ಮೇಲೆ ಪಟ್ಟಿ ತೆಗೆಯಬೇಕೆಂದು ಪುಸ್ತಕ ಹೇಳುತ್ತದೆ. ಶಂಕ್ರವ್ವನನ್ನು ಮಲಗಿಸಿ, ಸೊಂಟಕ್ಕೆ ಸೂಜಿ ಕೊಟ್ಟು, ಕಾಲು ಬಿಚ್ಚಿ ಮೊದಲ ಸ್ಕ್ರೂಗೆ ಕೈ ಹಾಕಿದೆ. ಮಿಸುಕಲಿಲ್ಲ. ಎರಡನೆಯದು, ಮೂರನೆಯದು, ಊಹೂಂ. ಇನ್ನೂ ಬಲ ಹಾಕಿದರೆ ಸ್ಕ್ರೂವಿನ ತಲೆ ಮುರಿಯಬೇಕು, ಇಲ್ಲ ಎಲುಬು ಮುರಿಯಬೇಕು.

"ಏನಾತ್ರಿ ಸಾಹೇಬ್ರ?" ಎಂದಳು, ಎಚ್ಚರವಾಗಿಯೇ ಇದ್ದವಳು.

"ಬರವಲ್ದು ಶಂಕ್ರವ್ವಾ."

"ಬಿಡ್ರಿ ಮತ್ತ. ಈಗ ಅದು ನಿಮ್ಮದಲ್ಲ, ನಂದು."

ಹೊಲಿದು ಹೊರಗೆ ಬಂದರೆ ಕಾಕಾ ಕಾಯುತ್ತಿದ್ದರು. ಸೋತ ಮುಖದಲ್ಲಿ ಗೆದ್ದ ಸುದ್ದಿ ಹೇಳಿದೆ. ಅವರಿಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. "ಕಲಾಯಿ ಆದ ಮ್ಯಾಲ ಉಗರಲೆ ಕೆರದ ನೋಡೋ ಹೆಂಗಸರ ಗತೆ ಮಾಡಿದ್ರೆಲ್ರಿ ನೀವೂ! ಕೂತದ್ದನ್ನ ಸುಮ್ಮ ಬಿಡಾಕ ಬರೂದಿಲ್ಲೇನ್ರಿ ನಿಮಗ?" ಎಂದು ಓಣಿಗೆಲ್ಲ ಕೇಳುವಂತೆ ಬೈದರು. ಬೈಸಿಕೊಂಡು ಅಷ್ಟು ಸುಖಪಟ್ಟದ್ದು ನಾನು ಜೀವಮಾನದಲ್ಲಿ ಅದೊಂದೇ ಸಲ.

ನನ್ನ ಮಾತನ್ನು ಅವರು ಕೇಳದೇ ಹೋದದ್ದು ಒಂದೇ. ನವಸಾಗರದ ಹೊಗೆ ಎದೆಗೆ ಹೋಗುತ್ತದೆ, ಮೂಗಿಗೆ ಬಟ್ಟೆ ಕಟ್ಟಿರೆಂದು ಎಷ್ಟು ಬಡಿದುಕೊಂಡೆ. "ಮೂಗಿಗೆ ಬಟ್ಟಿ ಕಟ್ಟಿದ್ರ ಪಾತ್ರಿ ಹದಕ್ಕ ಬಂದದ್ದು ಹ್ಯಾಂಗ ಗೊತ್ತಾಗಬೇಕ್ರಿ?" ಎನ್ನುವರು. ಕೆಮ್ಮು ಹೆಚ್ಚಿತು. ಆ ದಶಕ ಮುಗಿಯುವ ಮೊದಲು ತಿದಿ ಗೂಟ ಸೇರಿತು. ಅವರ ಎದೆಯನ್ನು ನಾನು ಉಳಿಸಲಾರದೆ ಹೋದೆ. ಒಂದು ಮುಂಜಾನೆ ಮನೆಯವರು ಹೇಳಿ ಕಳಿಸಿದಾಗ ಓಡಿ ಹೋದೆ, ಮುಗಿದಿತ್ತು. ನಾಡಿ ನೋಡಿ ಹೊರಗೆ ಕಟ್ಟೆಯ ಮೇಲೆ ಬಂದು ಕೂತು ಅತ್ತೆ. ಯಾರ ನಾಚಿಕೆಯೂ ಆಗಲಿಲ್ಲ.

ಅಷ್ಟರಲ್ಲಿ ನೇಕಾರ ಓಣಿಯ ಕಡೆಯಿಂದ ಶಂಕ್ರವ್ವ ನಡೆದು ಬಂದಳು. ಕುಂಟದೆ, ಕೋಲಿಲ್ಲದೆ, ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತ. ತೋಳ ಮೇಲೆ ಶುಭ್ರ ಟವೆಲಿನಲ್ಲಿ ಸುತ್ತಿದ ಗಂಟು. ನನ್ನ ಮುಂದೆ ನಿಂತು ಬಿಚ್ಚಿದಳು. ಹೆಣಕ್ಕೆ ಹೊದಿಸುವ ಬಿಳಿ ಬಟ್ಟೆ, ಅಂಚಿಲ್ಲದ್ದು, ಮೈಮುಚ್ಚಿ ಮಿಗುವಷ್ಟು.

"ಶ್ರಾವಣದಾಗ ಬಂದು ಕುಂತು, ನನಗೊಂದು ಕಫನ ನೇದಿಡವಾ ತಂಗಿ, ನಿನ್ನ ಕಾಲಿಂದನ ಆಗಬೇಕು ಅಂತ ಹೇಳಿದ್ರು. ಬೈದೆ ನಾನು. ಬೈದು ನೇದೆ" ಎಂದಳು. ಬಟ್ಟೆಯ ಮಡಿಕೆ ಸರಿಮಾಡಿದಳು. "ನೇದ ಮ್ಯಾಲ ಮೂರು ಸಲ ಕುದಿನೀರಾಗ ಹಾಕಿ ಗಂಜಿ ಎಲ್ಲಾ ತಗದೀನ್ರಿ. ಅವರ ಮೈಗೆ ಒರಟ ಹತ್ತಬಾರದು. ಮೈ ತೊಳಸೂ ಹೊತ್ತಿನಾಗ ಹೆಣ್ಮಕ್ಕಳು ಒಳಗ ಹೋಗೂ ಹಂಗಿಲ್ಲಂತ, ನೀವ ಒಯ್ದು ಕೊಡ್ರಿ."

ನಾನು ಕೈ ಚಾಚಿದೆ. ಅವಳು ಬಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡು ನನ್ನ ಬೆರಳು ನೋಡಿದಳು. ಕಣ್ಣೊರೆಸಿದ ಬೆರಳು, ಕಟ್ಟೆಯ ಧೂಳು ಹತ್ತಿದ್ದು. ನಾನು ಎದ್ದು ಹಿತ್ತಲಿಗೆ ಹೋಗಿ, ಕಾಕಾ ತಾವೇ ಕಲಾಯಿ ಹಾಕಿದ ಹಂಡೆಯಿಂದ ನೀರು ಮೊಗೆದು, ಮೊಣಕೈವರೆಗೆ ಕೈ ತಿಕ್ಕಿ ತಿಕ್ಕಿ ತೊಳೆದುಕೊಂಡು ಬಂದೆ. ಆಮೇಲೆ ಕೊಟ್ಟಳು.